ಬೈಲಕುಪ್ಪೆ ದಾರಿಯಲ್ಲಿ ಚಕ್ರದ ಓರೆಕೋರೆ

ಮೈಸೂರಿನಿಂದ ಮಡಿಕೇರಿ ಕಡೆಗೆ ಹೊರಟ ಹೆದ್ದಾರಿ ಇಲವಾಲ, ಬಿಳಿಕೆರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣಗಳನ್ನು ಒಂದೊಂದಾಗಿ ಹಿಂದೆ ಹಾಕಿ ಸುಮಾರು 80 ಕಿಲೋಮೀಟರ್ ಸಾಗುವ ಹೊತ್ತಿಗೆ ಬೈಲಕುಪ್ಪೆ ಬರುತ್ತದೆ. ಇನ್ನು ಸ್ವಲ್ಪ ಮುಂದೆ ಕೊಪ್ಪ, ಕಾವೇರಿ ಸೇತುವೆ, ಆಚೆ ದಡದಲ್ಲಿ ಕುಶಾಲನಗರ, ಅಲ್ಲಿಂದ ಕೊಡಗು. ದಾರಿಯುದ್ದಕ್ಕೂ ತಂಬಾಕು ಹದ ಮಾಡುವ ಎತ್ತರದ ಮನೆಗಳು, ಮುಸುಕಿನ ಜೋಳದ ಹೊಲಗಳು, ಶುಂಠಿಯ ಪಾತಿಗಳು. ಊರು ಬಂದಲ್ಲೆಲ್ಲ ರಸ್ತೆಗೆ ಅಡ್ಡಲಾಗಿ ಉಬ್ಬುಗಳು. ಈ ದಾರಿಯನ್ನು ನಾಲ್ಕು ಪಥದ ರಸ್ತೆಯಾಗಿಸುವ ಕೆಲಸಕ್ಕೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಆದರೆ ಉಬ್ಬು, ಗುಂಡಿ, ಅಂಚು ಒಡೆದ ಡಾಂಬರುಗಳ ರುಚಿ ಈ ಭಾಗದ ಚಾಲಕರಿಗೆ ಬಹಳ ಹಳೆಯದು.

ಬೈಲಕುಪ್ಪೆಯ ಕತೆ ಬಹುಮಂದಿಗೆ ಗೊತ್ತಿರುವುದೇ. 1960-61ರಲ್ಲಿ ಆಗಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3000 ಎಕರೆ ನೆಲದಲ್ಲಿ ಟಿಬೆಟನ್ ನಿರಾಶ್ರಿತರು ಕಾಡು ಕಡಿದು ಹೊಲ ಮಾಡಿಕೊಂಡರು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುವಾಯಿತು. ಜನ 'ಗೋಲ್ಡನ್ ಟೆಂಪಲ್' ಎಂದು ಕರೆಯುವ ಚಿನ್ನದ ಬಣ್ಣದ ದೇವಾಲಯ ಅದರ ಆವರಣದಲ್ಲಿ 1999ರಲ್ಲಿ ತೆರೆಯಿತು. ಒಳಗೆ ಸುಮಾರು 60 ಅಡಿ ಎತ್ತರದ ಮೂರು ಮೂರ್ತಿಗಳು: ನಡುವೆ ಬುದ್ಧ, ಅಕ್ಕಪಕ್ಕ ಪದ್ಮಸಂಭವ ಮತ್ತು ಅಮಿತಾಯು. ಹೊರಗೆ ಸಾಲು ಸಾಲಾಗಿ ಪ್ರಾರ್ಥನಾ ಚಕ್ರಗಳು. ಬಲಕ್ಕೆ ತಿರುಗಿಸುತ್ತಾ ನಡೆಯಬೇಕು. ಶಾಲಾ ಪ್ರವಾಸದ ಮಕ್ಕಳಂತೂ ಒಂದನ್ನೂ ಬಿಡದೆ ತಿರುಗಿಸುತ್ತಾರೆ!

ಹಾಗೆ ತಿರುಗಿಸುವಾಗ ಒಂದು ಸಂಗತಿ ಗಮನಿಸಿ. ಪ್ರಾರ್ಥನಾ ಚಕ್ರದ ಅಚ್ಚು ನೆಟ್ಟಗಿದ್ದರೆ ಬೆರಳು ತಾಕಿಸಿದರೂ ಸಾಕು, ಗಿರ್ರನೆ ಸುತ್ತುತ್ತದೆ. ಅಚ್ಚು ಸ್ವಲ್ಪ ವಾಲಿದ ಚಕ್ರ ಚೌಕಟ್ಟಿಗೆ ಉಜ್ಜಿ, ಕಿರುಗುಟ್ಟಿ, ಅರ್ಧ ಸುತ್ತಿಗೇ ನಿಲ್ಲುತ್ತದೆ. ವಾಹನದ ಚಕ್ರಕ್ಕೆ ಈ ಒಳ್ಳೆಯ ಗುಣ ಇಲ್ಲ. ಅದು ಓರೆಯಾದರೂ ನಿಲ್ಲುವುದಿಲ್ಲ, ಕೂಗುವುದೂ ಇಲ್ಲ. ಎಂಜಿನ್ನಿನ ಬಲಕ್ಕೆ ತಲೆಬಾಗಿ ಓಡುತ್ತಲೇ ಇರುತ್ತದೆ, ಓಡುತ್ತಾ ತನ್ನ ಟೈರನ್ನು ತಾನೇ ತಿನ್ನುತ್ತದೆ.

ಆದ್ದರಿಂದ ಬೈಲಕುಪ್ಪೆಗೆ ಹೋಗುವ ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ದೇವಾಲಯ ನೋಡಿ, ಮೊಮೊ ತಿಂದು ಮುಗಿಸಿದ ಮೇಲೆ ಹತ್ತು ನಿಮಿಷ ವಾಹನ ನಿಲ್ಲಿಸುವ ಬಯಲಿನಲ್ಲಿ ಅಡ್ಡಾಡಿ. ಹುಣಸೂರಿನ ಕೆಎ-45, ಕೊಡಗಿನ ಕೆಎ-12, ಮೈಸೂರಿನ ಕೆಎ-09, ಕೇರಳದ ಕೆಎಲ್ ಎಂದು ನಾನಾ ಫಲಕಗಳ ನೂರಾರು ಗಾಡಿಗಳು ಅಲ್ಲಿ ಮುಂದಿನ ಚಕ್ರ ಅತ್ತಿತ್ತ ತಿರುಗಿಸಿಕೊಂಡು ನಿಂತಿರುತ್ತವೆ. ಟೈರುಗಳನ್ನು ಓದಲು ಬಂದರೆ ಯಾವ ಗಾಡಿ ಎಂಥ ರಸ್ತೆಯಲ್ಲಿ ಹೇಗೆ ಓಡಿದೆ ಎಂದು ಹೇಳಬಹುದು.

ಒಮ್ಮೆ ಅಲ್ಲಿ ಕೇರಳದ ಒಂದು ವ್ಯಾನು ನಿಂತಿತ್ತು. ಹೊರಗಿನಿಂದ ನೋಡಿದರೆ ಮುಂದಿನ ಎಡ ಟೈರು ಹೊಸದರಂತೆ, ಹಲ್ಲುಗಳೆಲ್ಲ ಸ್ಪಷ್ಟ. ಸ್ಟೀರಿಂಗ್ ತಿರುಗಿಸಿ ನಿಲ್ಲಿಸಿದ್ದರಿಂದ ಮಾತ್ರ ಅದರ ಒಳಮೈ ಕಾಣುತ್ತಿತ್ತು. ಅಲ್ಲಿ ರಬ್ಬರೇ ಇರಲಿಲ್ಲ. ನುಣ್ಣಗಾಗಿ, ಒಂದೆಡೆ ಉಕ್ಕಿನ ತಂತಿ ಹೊಳೆಯುತ್ತಿತ್ತು. ವ್ಯಾನಿನಲ್ಲಿ ಬಂದ ಕುಟುಂಬ ದೇವಾಲಯದೊಳಗಿತ್ತು. ಅವರು ಮರಳಬೇಕಾದದ್ದು ವಿರಾಜಪೇಟೆಯ ಆಚೆ ಮಾಕುಟ್ಟ ಘಾಟಿಯ ತಿರುವುಗಳನ್ನು ಇಳಿದು. ಚಾಲಕನನ್ನು ಕರೆದು ತೋರಿಸಿದಾಗ ಆತ ಮೊಣಕಾಲೂರಿ ನೋಡಿ, ಏನೂ ಮಾತಾಡದೆ ಸ್ಟೆಪ್ನಿ ಇಳಿಸಿದ. ಪ್ರತಿದಿನ ಬೆಳಿಗ್ಗೆ ಟೈರಿಗೆ ಕಾಲಿಂದ ಒದ್ದು ಗಾಳಿ ನೋಡುವ ಮನುಷ್ಯನೇ ಆತ. ಒಳಗಡೆ ಬಗ್ಗಿ ನೋಡಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಈ ಕಣ್ಣಿಗೆ ಬೀಳದ ಸವೆತಕ್ಕೆ ಬಹುಪಾಲು ಕಾರಣ ಚಕ್ರಗಳ ಕೋನ ತಪ್ಪುವುದು. ಗ್ಯಾರೇಜಿನ ಭಾಷೆಯಲ್ಲಿ 'ಅಲೈನ್‌ಮೆಂಟ್ ಔಟ್'.

ಪಾದಗಳಂತೆ ಚಕ್ರಗಳು

ಚಕ್ರ ಜೋಡಣೆಯಲ್ಲಿ ಮುಖ್ಯವಾಗಿ ಮೂರು ಕೋನಗಳಿವೆ: ಟೋ, ಕ್ಯಾಂಬರ್, ಕ್ಯಾಸ್ಟರ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಮೊದಲನೆಯದನ್ನು ನಿಂತಲ್ಲೇ ಮಾಡಿ ನೋಡಬಹುದು. ಎರಡೂ ಪಾದ ಸಮಾನಾಂತರವಾಗಿಟ್ಟು ನಿಲ್ಲಿ. ಈಗ ಹೆಬ್ಬೆರಳುಗಳು ಒಂದನ್ನೊಂದು ನೋಡುವಂತೆ ಪಾದಗಳನ್ನು ಒಳಕ್ಕೆ ತಿರುಗಿಸಿ: ಇದು 'ಟೋ-ಇನ್'. ಹೊರಕ್ಕೆ ತಿರುಗಿಸಿದರೆ 'ಟೋ-ಔಟ್'. ಇಂಗ್ಲಿಷಿನಲ್ಲಿ ಟೋ ಎಂದರೆ ಕಾಲ್ಬೆರಳು ತಾನೆ? ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳು ಹೇಗೆ ನಿಂತಿವೆ ಎಂಬುದೇ ಇದು. ಪಾದಗಳನ್ನು ಒಳಕ್ಕೆ ತಿರುಗಿಸಿಕೊಂಡೇ ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದು ನೋಡಿ. ಅಂಗಾಲು ನೆಲಕ್ಕೆ ಉಜ್ಜುವುದು ಗೊತ್ತಾಗುತ್ತದೆ.

ಎಷ್ಟು ಉಜ್ಜುತ್ತದೆ? ಹತ್ತನೆಯ ತರಗತಿಯ ತ್ರಿಕೋನಮಿತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಚಕ್ರ ನೇರ ದಿಕ್ಕಿಗಿಂತ ಕಾಲು ಡಿಗ್ರಿ, ಅಂದರೆ 15 ನಿಮಿಷ ಓರೆಯಾಗಿದೆ ಎನ್ನಿ. ಅದರ ಸೈನ್ ಬೆಲೆ 0.00436. ಗಾಡಿ ಒಂದು ಕಿಲೋಮೀಟರ್ ನೇರವಾಗಿ ಹೋದಾಗ ಆ ಚಕ್ರ 4 ಮೀಟರಿಗೂ ಹೆಚ್ಚು ಅಡ್ಡಕ್ಕೆ ಎಳೆಯಲ್ಪಟ್ಟ ಲೆಕ್ಕ. ಮೈಸೂರಿನಿಂದ ಬೈಲಕುಪ್ಪೆಯವರೆಗಿನ 80 ಕಿಲೋಮೀಟರಿಗೆ ಗುಣಿಸಿ: ಸುಮಾರು 350 ಮೀಟರ್! ಅಷ್ಟೂ ದೂರ ರಬ್ಬರು ಡಾಂಬರಿನ ಮೇಲೆ ಉಜ್ಜುತ್ತದೆ ಎಂದಲ್ಲ. ಟೈರು ತಾನೇ ಸ್ವಲ್ಪ ಬಳುಕಿ ಬಹಳಷ್ಟನ್ನು ಸಹಿಸಿಕೊಳ್ಳುತ್ತದೆ. ಆದರೆ ಸಹಿಸಿಕೊಂಡದ್ದಕ್ಕೆ ಬೆಲೆ ಇದ್ದೇ ಇದೆ: ಸವೆತ, ಬಿಸಿ, ಇಂಧನ. ಈ ಕಾಲು ಡಿಗ್ರಿ ಎನ್ನುವುದು ಅಳತೆಯಲ್ಲಿ ಎಷ್ಟು ಗೊತ್ತೆ? 14 ಅಂಗುಲದ ರಿಮ್ಮಿನಲ್ಲಿ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಕಣ್ಣಿಗೆ ಸಿಕ್ಕುವುದೇ ಇಲ್ಲ.

ಕಣ್ಣಿಗೆ ಸಿಗದ್ದು ಕೈಗೆ ಸಿಗುತ್ತದೆ. ನಿಂತ ಗಾಡಿಯ ಮುಂದಿನ ಟೈರಿನ ಹಲ್ಲುಗಳ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸವರಿ. ಎರಡೂ ಕಡೆ ಒಂದೇ ತೆರನಾಗಿದ್ದರೆ ಸರಿ. ಹೊರಗಿನಿಂದ ಒಳಕ್ಕೆ ನುಣ್ಣಗೆ ಜಾರಿ, ಒಳಗಿನಿಂದ ಹೊರಕ್ಕೆ ತರುವಾಗ ಗರಗಸದ ಹಲ್ಲಿನಂತೆ ತಡೆದರೆ ಟೋ-ಇನ್ ಹೆಚ್ಚಾಗಿದೆ ಎಂದರ್ಥ. ಇದಕ್ಕೆ ತದ್ವಿರುದ್ಧವಾದರೆ ಟೋ-ಔಟ್. ತಂತಿ ಕಿತ್ತ ಟೈರಿನಲ್ಲಿ ಈ ಪ್ರಯೋಗ ಬೇಡ, ಕೈ ಕುಯ್ಯುತ್ತದೆ. ಗಾಡಿಯ ಯಜಮಾನರನ್ನು ಕೇಳಿಯೇ ಮುಟ್ಟಿ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಹಾಗಾದರೆ ಎರಡೂ ಚಕ್ರ ಕಡ್ಡಿಯ ಹಾಗೆ ನೇರವಿದ್ದರೆ ಸಾಕಲ್ಲ, ಕಂಪನಿಯವರೇಕೆ ಸ್ವಲ್ಪ ಟೋ-ಇನ್ ಕೊಡುತ್ತಾರೆ ಎಂದು ಜಾಣ ಹುಡುಗರು ಕೇಳಬಹುದು. ಓಡುವಾಗ ಗಾಡಿ ನಿಂತಂತೆ ಇರುವುದಿಲ್ಲ. ಹಿಂದಿನ ಚಕ್ರಗಳು ನೂಕುವ ಗಾಡಿಯಲ್ಲಿ ರಸ್ತೆಯ ತಡೆ ಮುಂದಿನ ಚಕ್ರಗಳನ್ನು ಹೊರಮುಖವಾಗಿ ಅರಳಿಸುತ್ತದೆ, ರಬ್ಬರು ಬುಷ್ಷುಗಳು ಬಗ್ಗಿ ಜಾಗ ಬಿಡುತ್ತವೆ. ಆಗ ನೇರವಾಗಲಿ ಎಂದೇ ನಿಂತಾಗ ತುಸು ಒಳಮುಖ. ಮುಂದಿನ ಚಕ್ರವೇ ಎಳೆಯುವ ಕಾರುಗಳಲ್ಲಿ ಇದು ತಿರುಗುಮುರುಗು. ಅವುಗಳಿಗೆ ಟೋ ಸೊನ್ನೆಗೆ ಹತ್ತಿರ, ಕೆಲವಕ್ಕೆ ಚೂರು ಹೊರಮುಖ. ಆದ್ದರಿಂದ ಪಕ್ಕದ ಮನೆಯ ಕಾರಿನ ಅಳತೆ ನಿಮ್ಮ ಕಾರಿಗೆ ಹೊಂದದು.

ಹುಣಸೂರಿನ ಗಾಡಿ, ಹೊಲದ ಟ್ರ್ಯಾಕ್ಟರು

ಎರಡನೆಯ ಕೋನವಾದ ಕ್ಯಾಂಬರ್‌ನ ಹುಟ್ಟು ಮೋಟಾರು ಕಾರಿಗಿಂತ ಬಹಳ ಹಿಂದಿನದು. ಅದನ್ನು ಹೇಳಲು ಹುಣಸೂರಿಗಿಂತ ಒಳ್ಳೆಯ ಜಾಗ ಇಲ್ಲ. ಇವತ್ತು ಹುಣಸೂರು ಎಂದರೆ ತಂಬಾಕು, ಮರ, ದೇವರಾಜ ಅರಸರು ನೆನಪಾಗುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಅಮೃತಮಹಲ್ ರಾಸುಗಳ ಊರು. ಸೇನೆಗೆ ಸಾಮಾನು ಒದಗಿಸುವ ಕಮಿಸರಿಯಟ್ ಇಲಾಖೆಯ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಡ್ಡೆ ಇಲ್ಲಿದ್ದವು. ಆ ಇಲಾಖೆ ಹೋದ ಮೇಲೂ ಹುಣಸೂರಿನ ಗಾಡಿಗಳಿಗೆ ಬಹಳ ಕಾಲ ಹೆಸರಿತ್ತು. ಎತ್ತಿನ ಗಾಡಿಯ ಗುಂಬ, ಅರ, ಅಚ್ಚು, ಕಡಾಣಿ ಎನ್ನುವ ಮಾತುಗಳೇ ಈಗಿನ ಮಕ್ಕಳಿಗೆ ಹೊಸದಾಗಿರಬಹುದು; ಅಜ್ಜಂದಿರನ್ನು ಕೇಳಿ ತಿಳಿದುಕೊಳ್ಳಲಿ.

ಮರದ ಚಕ್ರ ಮಾಡುವವರಿಗೆ ಒಂದು ಸಮಸ್ಯೆ ಇತ್ತು. ಎಳೆಯುವ ಪ್ರಾಣಿ ನಡೆಯುವಾಗ ಮೈ ಅತ್ತಿತ್ತ ತೊನೆಯುತ್ತದೆ, ಹೊರೆಯೂ ಅತ್ತಿತ್ತ ತೊನೆದು ಚಕ್ರವನ್ನು ಪಕ್ಕಕ್ಕೆ ನೂಕುತ್ತದೆ. ಅರಗಳು ಗುಂಬದಿಂದ ನೆಟ್ಟಗೆ ಹೊರಟರೆ ಈ ಪಕ್ಕದ ನೂಕಿಗೆ ಸಡಿಲವಾಗುತ್ತವೆ. ಯುರೋಪಿನ ಕುದುರೆಗಾಡಿ ಕುಶಲಿಗಳು ಕಂಡುಕೊಂಡ ಉಪಾಯವೆಂದರೆ ಚಕ್ರವನ್ನು ತಟ್ಟೆಯ ಹಾಗೆ ಸ್ವಲ್ಪ ಗುಳಿಯಾಗಿ ಮಾಡುವುದು, ಅರಗಳು ಗುಂಬದಿಂದ ಹೊರಕ್ಕೆ ವಾಲಿರುವಂತೆ. ಆಗ ನೆಲ ಮುಟ್ಟುವ ಅರ ಓರೆಯಾಗಿ ಭಾರ ಹೊರಬೇಕಾಗುತ್ತದಲ್ಲ? ಅದಕ್ಕೆ ಅಚ್ಚಿನ ತುದಿಯನ್ನು ಕೆಳಕ್ಕೆ ಬಗ್ಗಿಸಿದರು. ಈಗ ಕೆಳಗಿನ ಅರ ಕಂಬದಂತೆ ನೆಟ್ಟಗೆ ನಿಂತಿತು, ಚಕ್ರದ ಮೇಲುಭಾಗ ಮಾತ್ರ ಹೊರಕ್ಕೆ ವಾಲಿತು. ಮುಂದಿನಿಂದ ನೋಡಿದಾಗ ಕಾಣುವ ಈ ವಾಲುವಿಕೆಯೇ ಕ್ಯಾಂಬರ್. ಮೇಲ್ಭಾಗ ಹೊರಕ್ಕೆ ವಾಲಿದರೆ ಧನ, ಒಳಕ್ಕೆ ವಾಲಿದರೆ ಋಣ.

ಒಂದು ತೊಡಕು ಬಿಡಿಸಿದರೆ ಇನ್ನೊಂದು ಹುಟ್ಟುತ್ತದೆ. ಮನೆಯಲ್ಲಿ ಬಾಯಿ ಅಗಲ, ತಳ ಕಿರಿದಾದ ಕಾಫಿ ಲೋಟವನ್ನು ಅಡ್ಡ ಮಲಗಿಸಿ ಉರುಳಿಸಿ ನೋಡಿ. ಅದು ನೇರ ಹೋಗದೆ ತಳದ ಕಡೆಗೆ ಸುತ್ತು ಹಾಕುತ್ತದೆ. ಹೊರಕ್ಕೆ ವಾಲಿದ ಚಕ್ರವೂ ಹಾಗೆಯೇ ಹೊರಗೆ ಹೊರಗೆ ಉರುಳಲು ನೋಡುತ್ತದೆ. ಎರಡು ಚಕ್ರ ಎರಡು ಕಡೆಗೆ ಎಳೆದರೆ ಕಡಾಣಿಯ ಗತಿ ಏನು? ಅದಕ್ಕೇ ಆ ಕುಶಲಿಗಳು ಅಚ್ಚಿನ ತುದಿಯನ್ನು ಕೂದಲಷ್ಟು ಮುಂದಕ್ಕೂ ಬಗ್ಗಿಸಿ ಚಕ್ರಗಳನ್ನು ಒಳಮುಖ ಮಾಡಿದರು. ಅಂದರೆ ಟೋ-ಇನ್! ಕಂಪ್ಯೂಟರ್ ಪರದೆಯ ಮೇಲೆ ಹಸಿರು ಕೆಂಪು ಗೆರೆಗಳಲ್ಲಿ ಇವತ್ತು ತೋರಿಸುವ ಎರಡು ಕೋನಗಳನ್ನು ಬಾಚಿ, ಉಳಿ ಹಿಡಿದವರು ಕಣ್ಣಳತೆಯಲ್ಲಿ ಸಾಧಿಸಿದ್ದರು.

ಧನ ಕ್ಯಾಂಬರನ್ನು ಕಣ್ಣಾರೆ ಕಾಣಬೇಕೆಂದರೆ ಬೈಲಕುಪ್ಪೆಯ ಜೋಳದ ಹೊಲಗಳ ಕಡೆ ನಡೆಯಿರಿ. ಟ್ರ್ಯಾಕ್ಟರು ನಿಮ್ಮತ್ತ ಬರುತ್ತಿರುವಾಗ ಅದರ ಮುಂದಿನ ಸಣ್ಣ ಚಕ್ರಗಳನ್ನು ನೋಡಿ: ಕೆಳಗೆ ಹತ್ತಿರ, ಮೇಲೆ ದೂರ. ಚಕ್ರ ತಿರುಗುವ ಕಿಂಗ್‌ಪಿನ್ನಿನ ಗೆರೆಯೂ ಟೈರು ನೆಲ ಮುಟ್ಟುವ ಜಾಗವೂ ಹತ್ತಿರ ಬಂದಷ್ಟೂ ಸ್ಟೀರಿಂಗ್ ಹಗುರ. ಉತ್ತ ಮಣ್ಣಿನಲ್ಲಿ ಹೆಂಟೆಗೆ ಚಕ್ರ ಬಡಿದರೂ ಕೈ ತಿರುಚುವುದಿಲ್ಲ. ಈಗಿನ ಕಾರುಗಳಲ್ಲಿ ಕ್ಯಾಂಬರ್ ಸೊನ್ನೆಯ ಆಚೀಚೆ. ಅನೇಕವು ತುಸು ಋಣ, ಏಕೆಂದರೆ ತಿರುವಿನಲ್ಲಿ ಮೈ ವಾಲಿದಾಗ ಹೊರಚಕ್ರ ನೆಲಕ್ಕೆ ಚಪ್ಪಟೆಯಾಗಿ ಕೂರಬೇಕು. ಋಣ ಹೆಚ್ಚಾದರೆ ಟೈರಿನ ಒಳಭುಜ ಸವೆಯುತ್ತದೆ, ಧನ ಹೆಚ್ಚಾದರೆ ಹೊರಭುಜ. ಎರಡೂ ಪಕ್ಕ ಬೇರೆ ಬೇರೆಯಾದರೆ ಗಾಡಿ ಧನ ಹೆಚ್ಚಿರುವ ಕಡೆಗೆ ಎಳೆಯುತ್ತದೆ. ಅಳೆಯುವುದು ಕಷ್ಟವೇನಲ್ಲ. ಸಮತಟ್ಟು ನೆಲದಲ್ಲಿ ಚಕ್ರದ ಪಕ್ಕ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ರಿಮ್ಮಿನ ಮೇಲಂಚು, ಕೆಳಂಚುಗಳಿಗೆ ದಾರದಿಂದ ಎಷ್ಟೆಷ್ಟು ದೂರ ಎಂದು ನೋಡಿ. 14 ಅಂಗುಲದ ರಿಮ್ಮಿನಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಬಂದರೆ ಒಂದು ಡಿಗ್ರಿ. ಐ.ಟಿ.ಐ. ಓದುವ ಮಕ್ಕಳು ಇದನ್ನೊಮ್ಮೆ ಕೈಯಾರೆ ಮಾಡಬೇಕು. ಯಂತ್ರದ ಅಂಕಿಯ ಹಿಂದೆ ಏನಿದೆ ಎಂದು ಆಗಲೇ ತಿಳಿಯುವುದು.

ಮೂರನೆಯ ಕೋನ ಕ್ಯಾಸ್ಟರ್. ಇದಕ್ಕೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲನ್ನು ನೆನೆಯಬಹುದು. 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಈ ರಸ್ತೆಯಲ್ಲಿ ಈಗಲೂ ಆಗೊಮ್ಮೆ ಈಗೊಮ್ಮೆ ಡಬಡಬ ಎನ್ನುತ್ತಾ ಹೋಗುತ್ತವೆ. ಪಕ್ಕದಿಂದ ನೋಡಿದರೆ ಅದರ ಮುಂದಿನ ಫೋರ್ಕು ನೆಟ್ಟಗಿಲ್ಲ, ಹಿಂದಕ್ಕೆ ಒರಗಿದೆ. ಹ್ಯಾಂಡಲ್ ತಿರುಗುವ ಗೆರೆಯನ್ನು ಕೆಳಕ್ಕೆ ಎಳೆದರೆ ಅದು ಟೈರು ನೆಲ ಮುಟ್ಟುವ ಬಿಂದುವಿಗಿಂತ ಮುಂದೆ ನೆಲ ಸೇರುತ್ತದೆ. ಹಾಗಾಗಿ ಚಕ್ರ ಆ ಗೆರೆಯ ಹಿಂದೆ ಹಿಂದೆ, ಹಗ್ಗ ಹಿಡಿದ ಕರುವಿನಂತೆ ಬರುತ್ತದೆ. ಕೈಬಿಟ್ಟು ಸೈಕಲ್ ಓಡಿಸುವ ಹುಡುಗರ ಶೌರ್ಯಕ್ಕೆ ಇದೂ ಒಂದು ಕಾರಣ. ಹಾಗೆಂದು ರಸ್ತೆಯಲ್ಲಿ ಮಾಡಬಾರದು. ಕಾರಿನಲ್ಲಿ ಕ್ಯಾಸ್ಟರ್ ಸಾಮಾನ್ಯವಾಗಿ ಕೆಲವೇ ಡಿಗ್ರಿ. ಸುಂಟಿಕೊಪ್ಪ ದಾಟಿ ಮಡಿಕೇರಿಯ ತಿರುವುಗಳನ್ನು ಹತ್ತುವಾಗ ಚಾಲಕ ಬೆರಳು ಸಡಿಲಿಸಿದೊಡನೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದಲ್ಲ, ಅದರಲ್ಲಿ ಕ್ಯಾಸ್ಟರಿನ ಕೈ ಇದೆ. ಒಂದು ಪಕ್ಕದಲ್ಲಿ ಕಡಿಮೆಯಾದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ವಿಚಿತ್ರವೆಂದರೆ ಕ್ಯಾಸ್ಟರ್ ತಪ್ಪಿದರೆ ಟೈರು ಅಷ್ಟಾಗಿ ಸವೆಯುವುದಿಲ್ಲ, ಸವೆಯುವುದು ಚಾಲಕನ ತೋಳು.

ನಿಲ್ದಾಣದಲ್ಲಿ ಕಾಣುವ ಇನ್ನೊಂದು

ಪೂರ್ತಿ ತಿರುಗಿಸಿ ನಿಲ್ಲಿಸಿದ ಕಾರಿನ ಮುಂದಿನ ಎರಡೂ ಚಕ್ರಗಳನ್ನು ಹೋಲಿಸಿ ನೋಡಿ. ಎರಡೂ ಸಮ ತಿರುಗಿರುವುದಿಲ್ಲ! ತಿರುವಿನ ಒಳಬದಿಯ ಚಕ್ರ ಹೆಚ್ಚು ತಿರುಗಿರುತ್ತದೆ. ಕಾರಣ ಸರಳ: ಒಳಚಕ್ರ ಸಣ್ಣ ವೃತ್ತದಲ್ಲಿ, ಹೊರಚಕ್ರ ದೊಡ್ಡ ವೃತ್ತದಲ್ಲಿ ಸುತ್ತಬೇಕು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 2.4 ಮೀಟರ್, ಎಡಬಲ ಚಕ್ರಗಳ ನಡುವೆ 1.3 ಮೀಟರ್ ಇರುವ ಕಾರಿನಲ್ಲಿ ಒಳಚಕ್ರ 35 ಡಿಗ್ರಿ ತಿರುಗಿದರೆ ಹೊರಚಕ್ರ ಸುಮಾರು 27 ಡಿಗ್ರಿ ತಿರುಗಬೇಕೆಂದು ಲೆಕ್ಕ ಹೇಳುತ್ತದೆ. ಕೋಟ್ಯಾಂಜೆಂಟ್ ಗೊತ್ತಿದ್ದವರು ಮಾಡಿ ನೋಡಬಹುದು: ಹೊರಕೋನದ ಬೆಲೆಯಿಂದ ಒಳಕೋನದ ಬೆಲೆ ಕಳೆದರೆ 1.3 ಭಾಗಿಸು 2.4 ಬರಬೇಕು. ಇದನ್ನು ಸನ್ನೆಕೋಲುಗಳಲ್ಲಿ ಸಾಧಿಸಿದವನು ಜರ್ಮನಿಯ ಮ್ಯೂನಿಕ್ಕಿನ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಆಕರ್‌ಮನ್ನನದು! ಇಂದಿಗೂ ಪಠ್ಯಪುಸ್ತಕದಲ್ಲಿ 'ಆಕರ್‌ಮನ್ ಸ್ಟೀರಿಂಗ್' ಎಂದೇ ಇದೆ. ಸ್ಟೀರಿಂಗ್ ತೋಳು ಗುಂಡಿಗೆ ಬಡಿದು ಬಗ್ಗಿದರೆ ನೇರ ಓಟದಲ್ಲಿ ಎಲ್ಲ ಸರಿಯಿದ್ದು, ತಿರುವಿನಲ್ಲಿ ಮಾತ್ರ ಟೈರು ಚೀರುತ್ತದೆ.

ಇನ್ನು ದುಡ್ಡು ಕೊಡುವ ತಂದೆತಾಯಿಗಳಿಗೆ ಒಂದೆರಡು ಮಾತು. ಹೆದ್ದಾರಿ ಪಕ್ಕದ ಊರುಗಳಲ್ಲೆಲ್ಲ 'ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್' ಫಲಕಗಳಿವೆ. ಯಂತ್ರ ಎಷ್ಟೇ ಹೊಸದಾಗಿರಲಿ, ಅದು ಅಳೆಯುತ್ತದೆ ಅಷ್ಟೆ, ತಿದ್ದುವುದು ಮನುಷ್ಯನೇ. ಅಳೆಯುವ ಮೊದಲು ಟೈರಿನ ಗಾಳಿ ನೋಡಬೇಕು, ಚಕ್ರ ಎತ್ತಿ ಅಲುಗಾಡಿಸಿ ಬಾಲ್ ಜಾಯಿಂಟ್, ಟೈರಾಡ್ ತುದಿ, ಬೇರಿಂಗು, ಬುಷ್ಷುಗಳಲ್ಲಿ ಆಟ ಇದೆಯೇ ಎಂದು ನೋಡಬೇಕು. ಸವೆದ ಜಾಯಿಂಟಿನ ಮೇಲೆ ಕೂರಿಸಿದ ಕೋನ ಮೊದಲ ಉಬ್ಬಿನವರೆಗೆ ಮಾತ್ರ. ಈ ಹೆಜ್ಜೆಯನ್ನು ಹಾರಿಸಿ ನೇರ ಸ್ಪ್ಯಾನರ್ ಹಿಡಿಯುವ ಕಡೆ ಗಾಡಿ ಬಿಡುವುದು ದಂಡ ಎಂಬುದು ನನ್ನ ಅಭಿಪ್ರಾಯ, ಅಗ್ಗವಾದರೂ ಸರಿಯೆ.

ಎರಡನೆಯದು, ಯಾವುದನ್ನು ತಿದ್ದಬಹುದು ಎಂಬುದು. 1983ರ ಕೊನೆಯಲ್ಲಿ ಬಂದ ಮಾರುತಿ 800ರಿಂದ ಹಿಡಿದು ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಹೆಚ್ಚಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎನ್ನುವ ಜೋಡಣೆ. ಇಂಥ ಬಹಳಷ್ಟು ಕಾರುಗಳಲ್ಲಿ ಕಂಪನಿ ಕೊಟ್ಟ ತಿರುಪು ಇರುವುದು ಟೋ ಒಂದಕ್ಕೇ. ಕ್ಯಾಂಬರ್, ಕ್ಯಾಸ್ಟರ್ ತಪ್ಪಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ ಎಂದರ್ಥ. ಆ ಭಾಗ ಹುಡುಕಿ ಬದಲಿಸಬೇಕು. 'ಮೂರನ್ನೂ ಸೆಟ್ ಮಾಡಿದೆವು' ಎಂದು ಬಿಲ್ಲು ಬರೆದಾಗ ಎಲ್ಲಿ ತಿರುಗಿಸಿದಿರಿ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಕೆಲಸಕ್ಕೆ ಮುಂಚಿನ, ನಂತರದ ಅಂಕಿಗಳಿರುವ ಚೀಟಿ ಕೇಳಿ ಪಡೆಯಿರಿ. ಅದನ್ನು ಓದುವಾಗ ಒಂದು ಎಚ್ಚರ. ಕೆಲವು ಯಂತ್ರ ಡಿಗ್ರಿ ಮತ್ತು ನಿಮಿಷದಲ್ಲಿ, ಕೆಲವು ದಶಮಾಂಶದಲ್ಲಿ ಮುದ್ರಿಸುತ್ತವೆ. ಡಿಗ್ರಿಗೆ 60 ನಿಮಿಷ. ಹಾಗಾಗಿ 0.30 ಡಿಗ್ರಿ ಎಂದರೆ 30 ನಿಮಿಷವಲ್ಲ, 18 ನಿಮಿಷ. ಅರ್ಧ ಡಿಗ್ರಿಯೇ 30 ನಿಮಿಷ. ಮಗನೋ ಮಗಳೋ ಎಂಟನೆಯ ತರಗತಿಯಲ್ಲಿದ್ದರೆ ಚೀಟಿ ಅವರ ಕೈಗೆ ಕೊಡಿ.

ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗಿದರೆ ಅದು ಬಹುತೇಕ ಬ್ಯಾಲೆನ್ಸಿಂಗ್ ಕಾಯಿಲೆ, ಅಲೈನ್‌ಮೆಂಟಿನದಲ್ಲ. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ.

ಎಡಕ್ಕೆ ಎಳೆಯುತ್ತದೆ ಎಂಬ ದೂರಿಗೂ ಒಂದು ಮಾತು ಇದೆ. ಮಳೆನೀರು ಹರಿದು ಹೋಗಲೆಂದು ರಸ್ತೆಯ ನಡು ಎತ್ತರ, ಅಂಚು ತಗ್ಗು. ಎಡಕ್ಕೆ ಓಡಿಸುವ ನಮ್ಮ ದೇಶದಲ್ಲಿ ಸರಿಯಾದ ಗಾಡಿಯೂ ಕೈಬಿಟ್ಟರೆ ನಿಧಾನವಾಗಿ ಎಡಕ್ಕೆ ಸರಿಯುವುದು ಸಹಜ. ತಟ್ಟನೆ ಎಳೆದರೆ ಮಾತ್ರ ಚಿಂತೆ. ಅದಕ್ಕೂ ಮೊದಲು ಗಾಳಿ ನೋಡಿ, ಎಡಬಲ ಟೈರುಗಳು ಒಂದೇ ತೆರನವೇ ನೋಡಿ. ಟೈರಿನ ಗಾಡಿಗಳ ನಡುವೆ, ಗುಂಡಿಯಲ್ಲಿ, 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ಹಲ್ಲು ಅವುಗಳ ಮಟ್ಟಕ್ಕೆ ಸವೆದರೆ ಟೈರಿನ ಆಯುಸ್ಸು ಮುಗಿಯಿತು. 1973ರಲ್ಲಿ ಸ್ಥಾಪನೆಯಾದ ವಿಕ್ರಾಂತ್ ಟೈರಿನ ಕಾರ್ಖಾನೆಯಿಂದಾಗಿ ಮೈಸೂರು ಟೈರಿನ ಊರೂ ಹೌದು. 1997ರಲ್ಲಿ ಅದು ಜೆ.ಕೆ. ಸಂಸ್ಥೆಯ ಕೈಸೇರಿತು. ಅಂಥ ಊರಿನ ಜನ ಟೈರಿನ ಒಳಭುಜವನ್ನು ನೋಡದೆ ಕೊಂಡು, ನೋಡದೆ ಎಸೆಯುತ್ತೇವೆ.

ಉಬ್ಬು ತಪ್ಪಿಸಲು ಒಂದು ಪಕ್ಕದ ಚಕ್ರವನ್ನು ಮಣ್ಣಿಗಿಳಿಸಿ ನುಸುಳುವ ಚಟ ಈ ದಾರಿಯಲ್ಲಿ ವ್ಯಾಪಕ. ಡಾಂಬರಿನ ಅಂಚು ಕೆಲವೆಡೆ ಗೇಣುದ್ದ ಎತ್ತರ. ಅಲ್ಲಿಂದ ಇಳಿದು ಹತ್ತುವ ಎಡಚಕ್ರಕ್ಕೆ ಬೀಳುವ ಪೆಟ್ಟಿಗಿಂತ ಉಬ್ಬನ್ನೇ ನಿಧಾನವಾಗಿ ನೇರ ಹತ್ತಿ ಇಳಿಯುವುದು ಎಷ್ಟೋ ವಾಸಿ.

ಕೊನೆಯದು ಹಿಂದಿನ ಚಕ್ರಗಳದು. ಕೊಪ್ಪದ ಕೂಡುರಸ್ತೆಯಲ್ಲಿ ನಿಂತು ಹುಣಸೂರಿನ ಕಡೆ ಹೋಗುವ ಹಳೆಯ ಬಸ್ಸು ಲಾರಿಗಳನ್ನು ಹಿಂದಿನಿಂದ ನೋಡುತ್ತಿದ್ದರೆ ಹತ್ತರಲ್ಲಿ ಒಂದಾದರೂ ಏಡಿಯಂತೆ ಮೈ ಓರೆ ಮಾಡಿಕೊಂಡು ಓಡುವುದು ಕಾಣಿಸುತ್ತದೆ: ಮೂತಿ ಒಂದು ದಿಕ್ಕಿಗೆ, ಬಾಲ ಇನ್ನೊಂದು ದಿಕ್ಕಿಗೆ. ಹಿಂದಿನ ಅಚ್ಚು ಗಾಡಿಯ ನಡುಗೆರೆಗೆ ಲಂಬವಾಗಿಲ್ಲದಿದ್ದರೆ ಹೀಗಾಗುತ್ತದೆ. ಇದಕ್ಕೆ 'ಥ್ರಸ್ಟ್ ಆ್ಯಂಗಲ್' ಎನ್ನುತ್ತಾರೆ. ಚಾಲಕ ಸದಾ ಸ್ಟೀರಿಂಗನ್ನು ಒಂದು ಕಡೆಗೆ ಹಿಡಿದೇ ಓಡಿಸಬೇಕು. ತಿರುವಿನಲ್ಲಿ ಬಾಲ ಎಷ್ಟು ಜಾಗ ತಿನ್ನುತ್ತದೆ ಎಂಬ ಅಂದಾಜು ಎದುರು ಬರುವ ಸ್ಕೂಟರಿನವನಿಗೆ ಸಿಕ್ಕುವುದಿಲ್ಲ. ಬಿಲ್ಲುಪಟ್ಟಿಗಳನ್ನು ಒಟ್ಟಿಗೆ ಹಿಡಿದ ಸೆಂಟರ್ ಬೋಲ್ಟು ತುಂಡಾದರೆ ಅಥವಾ ಯು-ಬೋಲ್ಟು ಸಡಿಲವಾದರೆ ಅಚ್ಚು ಒಂದು ಪಕ್ಕ ಹಿಂದಕ್ಕೆ ಜರುಗುತ್ತದೆ. ಅದು ಗೊತ್ತಾಗದೆ ಮುಂದಿನ ಚಕ್ರಗಳನ್ನು ಎಷ್ಟು ಸಲ ತಿದ್ದಿದರೂ ಗಾಡಿ ಓರೆಯಾಗಿಯೇ ಓಡುತ್ತದೆ. ಮೊದಲು ಎಡಪಕ್ಕದ ಎರಡು ಚಕ್ರಗಳ ನಡುವಣ ದೂರ, ಆಮೇಲೆ ಬಲಪಕ್ಕದ್ದು, ಒಂದು ಟೇಪು ಹಿಡಿದು ಅಳೆದು ಹೋಲಿಸಬೇಕು. ಎರಡು ನಿಮಿಷದ ಕೆಲಸ, ಕಂಪ್ಯೂಟರ್ ಬೇಡ.